ಎಡಗೈ ಕರಡಿ

ಟೇಪಕ್ಕ ಹುಟ್ಟು ಪುಕ್ಕಲಿ. ಇದು ನನ್ನ ಮಾತಲ್ಲ, ಅವಳ ಹೆತ್ತ ತಾಯಿಯ ಮಾತು. ಹುಟ್ಟಿದ ಕೂಡಲೇ ಎಲ್ಲ ಕೂಸುಗಳ ಹಾಗೆ ಕಿರುಚದೆ, ಸುತ್ತ ನಿಂತವರ ಮುಖವನ್ನೆಲ್ಲ ಒಂದು ಸುತ್ತು ನೋಡಿ, ಅಳುವುದಕ್ಕೆ ಯಾರದೂ ಅಡ್ಡಿಯಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಸಣ್ಣಗೆ ಅತ್ತಳಂತೆ. ಐವತ್ತೇಳು ವರ್ಷ ತುಂಬಿದರೂ ಆ ಬುದ್ಧಿ ಹೋಗಿರಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಕೊಂಡವಳು ಇಳಿಯುವ ತನಕ ಅದನ್ನು ಮುಷ್ಟಿಯಲ್ಲೇ ಹಿಡಿದಿರುತ್ತಿದ್ದಳು. ಇಳಿದ ಮೇಲೂ ಮನೆ ಸೇರುವವರೆಗೆ ಎಸೆಯುತ್ತಿರಲಿಲ್ಲ, ಯಾರಾದರೂ ಬೆನ್ನಟ್ಟಿ ಬಂದು ಕೇಳಿದರೆ ಏನು ಗತಿ ಎಂದು. ಅವಳ ಗಂಡ ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ನಡೆಸುವವನು. "ನಾನು ಮೂವತ್ತು ವರ್ಷ ಮೇಲೆ ಕೆಳಗೆ ಓಡಾಡಿ ಎಲ್ಲಿಗೂ ಹೋಗ್ಲಿಲ್ಲ. ಇವಳು ಕೂತಲ್ಲೇ ಕೂತು ದಿನಕ್ಕೆ ನಾಲ್ಕು ಸಲ ಜೈಲಿಗೆ ಹೋಗಿ ಬರ್ತಾಳೆ" ಎಂದು ಬಂದವರ ಮುಂದೆ ನಗುತ್ತಿದ್ದ. ಆ ತಮಾಷೆಗೆ ಅವನೂ ನಗಲಾರದ ಕಾಲ ಆಮೇಲೆ ಬಂತು.

ಟೇಪಕ್ಕನ ಕೆಲಸ ಪಾಠಪುಸ್ತಕ ಅಚ್ಚು ಹಾಕುವ ಸರ್ಕಾರಿ ಮುದ್ರಣಾಲಯದ ಪೇಸ್ಟಿಂಗ್ ವಿಭಾಗದಲ್ಲಿ. ಒಳಗಿನಿಂದ ಬೆಳಕು ಉರಿಯುವ ಗಾಜಿನ ಮೇಜು. ಅದರ ಮೇಲೆ ಅಗಲವಾದ ಪ್ಲಾಸ್ಟಿಕ್ ಹಾಳೆ. ಆ ಹಾಳೆಯ ಮೇಲೆ ಹದಿನಾರು ಪುಟಗಳ ಅಕ್ಷರದ ಫಿಲ್ಮು, ಚಿತ್ರದ ಫಿಲ್ಮು ಎಲ್ಲವನ್ನೂ ಕೂದಲೆಳೆಯೂ ಆಚೀಚೆ ಆಗದಂತೆ ಟೇಪಿನಿಂದ ಅಂಟಿಸಬೇಕು. ಹಾಳೆಯಿಂದ ಪ್ಲೇಟು, ಪ್ಲೇಟಿನಿಂದ ಪುಸ್ತಕ. ಕೈಗೆ ಸಿಗಲೆಂದು ಟೇಪಿನ ತುಂಡುಗಳನ್ನು ಮೊದಲೇ ಓರೆಯಾಗಿ ಕತ್ತರಿಸಿ ಮೊಣಕೈ ತನಕ ಅಂಟಿಸಿಕೊಳ್ಳುವುದು ಅವಳ ರೂಢಿ. ಹಾಗೇ ಬಸ್ಸು ಹತ್ತಿ ಮನೆಗೂ ಹೋಗುತ್ತಿದ್ದಳು. ಹೆಸರು ಹಾಗೆ ಬಂದದ್ದು; ಹಾಜರಿ ಪುಸ್ತಕದ ಹೆಸರಿನಿಂದ ಕೂಗಿದರೆ ಅವಳು ತಿರುಗಿ ಸಹ ನೋಡುತ್ತಿರಲಿಲ್ಲ.

ಈ ಕಸುಬಿನಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಫಿಲ್ಮಿಗೆ ಎರಡು ಮೈ. ಒಂದು ಮೈಗೆ ಔಷಧಿ ಬಳಿದಿರುತ್ತದೆ, ಇನ್ನೊಂದು ಬರೀ ನುಣುಪು. ಔಷಧಿಯ ಮೈ ಪ್ಲೇಟಿನ ಕಡೆಗೇ ಕೂರಬೇಕು. ಮಗುಚಿ ಅಂಟಿಸಿದರೆ ಕನ್ನಡಿಯಲ್ಲಿ ಕಂಡ ಹಾಗೆ ಎಲ್ಲ ಉಲ್ಟಾ ಅಚ್ಚಾಗುತ್ತದೆ. ಅಕ್ಷರ ಉಲ್ಟಾ ಆದರೆ ನೋಡಿದ ತಕ್ಷಣ ಗೊತ್ತಾಗುತ್ತದೆ, ಚಿತ್ರ ಉಲ್ಟಾ ಆದರೆ ಗೊತ್ತಾಗುವುದಿಲ್ಲ. ಅದಕ್ಕೆ ಹಳಬರು ಒಂದು ಉಪಾಯ ಮಾಡಿಕೊಂಡಿದ್ದರು: ಫಿಲ್ಮಿನ ಮೂಲೆಯನ್ನು ಒದ್ದೆ ತುಟಿಗೆ ತಾಗಿಸುವುದು. ಔಷಧಿಯ ಮೈ ತುಟಿಗೆ ಅಂಟುತ್ತದೆ, ಇನ್ನೊಂದು ಅಂಟುವುದಿಲ್ಲ. ಟೇಪಕ್ಕ ಇಪ್ಪತ್ತೊಂಬತ್ತು ವರ್ಷ ಪ್ರತಿಯೊಂದು ಫಿಲ್ಮನ್ನೂ ತುಟಿಗೆ ತಾಗಿಸಿಯೇ ಅಂಟಿಸಿದವಳು. "ಮನೇಲಿ ಅವರಿಗೆ ಇಷ್ಟು ಮುತ್ತು ಕೊಟ್ಟಿದ್ದೀರಾ ಅಕ್ಕಾ?" ಎಂದು ಪಕ್ಕದ ಮೇಜಿನ ಹುಡುಗಿಯರು ಛೇಡಿಸುತ್ತಿದ್ದರು. ಅವಳ ಕೆಲಸದಲ್ಲಿ ತಪ್ಪು ಹುಡುಕಿದವರು ಯಾರೂ ಇರಲಿಲ್ಲ.

ಇನ್ನು ಕರಡಿಯ ಕಥೆ. ಆ ನಾಡಿನಲ್ಲಿ ಅದನ್ನು ಕೇಳದೆ ಅನ್ನ ತಿಂದ ಮಕ್ಕಳಿಲ್ಲ. ಕಾಡಿನ ನಡುವೆ ಒಂದು ನೀರಿನ ಚಿಲುಮೆ. ಅಲ್ಲಿಗೆ ತಲೆಗೆ ಟೋಪಿ, ಕೈಗೆ ಬೆತ್ತ ಇರುವ ಒಂದು ಕುಂಟು ಕರಡಿ ಬರುತ್ತದೆ. "ನೀರಿಗೆ ಕಳ್ಳರ ಕಾಟ ಇದೆ, ನಾನು ಕಾಯುತ್ತೇನೆ" ಎಂದು ದಡದಲ್ಲಿ ಕೂರುತ್ತದೆ. ಮಾರನೆಯ ದಿನ ಎಲ್ಲರೂ ಸಾಲಾಗಿ ಬನ್ನಿ ಎನ್ನುತ್ತದೆ. ಅದರ ಮಾರನೆಯ ದಿನ ಬೊಗಸೆ ಅಳೆದು ಕೊಡುತ್ತದೆ. ನಾಲ್ಕನೆಯ ದಿನ, ಬಾಯಾರಿದೆ ಅನ್ನುವವನೇ ಕಳ್ಳ ಎನ್ನುತ್ತದೆ. ಕೊನೆಗೆ ಒಂದು ಅಳಿಲು ಮರಿ ಮುಂದೆ ಬಂದು, "ಕರಡಿ ಮಾಮಾ, ಕಳ್ಳ ಬರೋದು ಯಾವಾಗ?" ಎಂದು ಕೇಳುತ್ತದೆ. ಪ್ರಾಣಿಗಳಿಗೆ ನಗು ತಡೆಯುವುದಿಲ್ಲ. ಎಲ್ಲ ಗೊಳ್ಳೆಂದು ನಗುತ್ತವೆ, ಕರಡಿ ಎದ್ದು ಹೋಗುತ್ತದೆ. ಅಷ್ಟೇ ಕಥೆ. ನಲವತ್ತು ವರ್ಷದಿಂದ ಮೂರನೆಯ ತರಗತಿಯ ಪುಸ್ತಕದಲ್ಲಿ ಇದು ಐದನೆಯ ಪಾಠ. "ಕರಡಿ ಏಕೆ ಎದ್ದು ಹೋಯಿತು?" ಎಂಬುದು ಖಾಯಂ ಪ್ರಶ್ನೆ, "ನಾಚಿಕೆಯಿಂದ" ಎಂಬುದು ಖಾಯಂ ಉತ್ತರ, ಎರಡು ಅಂಕ.

ಮೂರು ವರ್ಷದ ಹಿಂದೆ ನಾಡಿಗೆ ದಳಪತಿಗಳು ಬಂದರು. ಗಡಿಯಲ್ಲಿ ಕಳ್ಳರಿದ್ದಾರೆ, ಕಾಯುತ್ತೇನೆ ಎಂದು ಬಂದವರು. ಶಾಲೆ, ಅಂಚೆಕಚೇರಿ, ಆಸ್ಪತ್ರೆ, ಎಲ್ಲ ಗೋಡೆಗಳಿಗೂ ಅವರ ಪಟ ಏರಿತು: ಟೋಪಿ ಎಡಗಿವಿಯ ಕಡೆಗೆ ವಾಲಿದೆ, ಬೆತ್ತ ಎಡಗೈಯಲ್ಲಿದೆ. ಆಮೇಲೆ ಊರಿಂದೂರಿಗೆ ಹೋಗಲು ಚೀಟಿ ಬಂತು. ಚೀಟಿಗೆ ಸಾಲು ಬಂತು. ಸಾಲಿನಲ್ಲಿ ಗೊಣಗಿದವರ ಹೆಸರು ಬರೆದುಕೊಳ್ಳುವವರು ಬಂದರು. ಕಥೆಗೂ ಇದಕ್ಕೂ ಯಾರೂ ತಾಳೆ ಹಾಕಲಿಲ್ಲ, ಹಾಕಿದವರು ತುಟಿ ಪಿಟಕ್ ಅನ್ನಲಿಲ್ಲ. ಪುಸ್ತಕದ ಕರಡಿಗೆ ಟೋಪಿ ಬಲಗಿವಿಯ ಕಡೆಗಿತ್ತು, ಬೆತ್ತ ಬಲಗೈಯಲ್ಲಿತ್ತು.

ಒಂದು ಸಂಜೆ ಮೂರನೆಯ ತರಗತಿಯ ಮೊಮ್ಮಗಳು ಖಾಲಿ ಚೀಲ ಅಲ್ಲಾಡಿಸುತ್ತಾ ಬಂದಳು. "ಅಜ್ಜೀ, ಟೀಚರ್ ಎಲ್ಲರ ಹೊಸ ಪುಸ್ತಕಾನೂ ವಾಪಸ್ ತಗೊಂಡ್ರು."

"ಯಾಕೆ ಪುಟ್ಟಾ?"

"ಹಿಂದಿನ ಬೆಂಚಿನವಳು ಮೊದ್ಲು ಕರಡಿ ತೋರಿಸಿದ್ಲು, ಆಮೇಲೆ ಗೋಡೆ ತೋರಿಸಿದ್ಲು. ನಾವೆಲ್ಲ ನಕ್ವಿ. ಟೀಚರ್ ನಗ್ಲಿಲ್ಲ. ಅವರ ಕೈ ಹೀಗೆ ಹೀಗೆ ಅಂತಿತ್ತು." ಮಗು ತನ್ನ ಪುಟ್ಟ ಕೈಯನ್ನು ನಡುಗಿಸಿ ತೋರಿಸಿತು.

ಮಾರನೆಯ ದಿನ ಮುದ್ರಣಾಲಯದಲ್ಲಿ ಟೇಪಕ್ಕ ಕಟ್ಟಿನಿಂದ ಒಂದು ಪುಸ್ತಕ ಎಳೆದು ಐದನೆಯ ಪಾಠ ತೆಗೆದಳು. ಬೆತ್ತ ಎಡಗೈಯಲ್ಲಿತ್ತು. ಟೋಪಿ ಎಡಗಿವಿಗೆ ವಾಲಿತ್ತು. ತಲೆಯೆತ್ತಿದರೆ ಅವಳ ಮೇಜಿನ ನೇರಕ್ಕೆ ಗೋಡೆಯ ಮೇಲೆ ಪಟ. ಅವಳಿಗೆ ತಕ್ಷಣ ನೆನಪಾಯಿತು. ಆ ಪುಸ್ತಕ ಅಂಟಿಸಿದ ವಾರ ಜ್ವರ ಬಂದು ಹೋಗಿ ಕೆಳದುಟಿಯ ತುಂಬ ಗುಳ್ಳೆ ಎದ್ದಿತ್ತು. ಮುಲಾಮು ಬಳಿದುಕೊಂಡಿದ್ದಳು. ಮುಲಾಮಿನ ತುಟಿಗೆ ಫಿಲ್ಮಿನ ಯಾವ ಮೈಯಾದರೂ ಅಂಟುತ್ತದೆ, ಇಲ್ಲದಿದ್ದರೆ ಎರಡೂ ಜಾರುತ್ತವೆ. ಅಕ್ಷರವಾದರೆ ಓದಿ ತಿಳಿಯಬಹುದು, ಚಿತ್ರಗಳನ್ನು ಬೆಳಕಿಗೆ ಹಿಡಿದು ಅಂದಾಜಿನ ಮೇಲೆ ಅಂಟಿಸಿದ್ದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದೇ ವಾರ ತುಟಿಗೆ ತಾಗಿಸದೆ ಮಾಡಿದ ಕೆಲಸ, ಅದರಲ್ಲಿ ಮಗುಚಿದ್ದು ಒಂದೇ ಒಂದು ಫಿಲ್ಮು, ಆ ಫಿಲ್ಮಿನಲ್ಲಿ ಇದ್ದದ್ದು ಕರಡಿ. ಹಣೆಬರಹ ಅನ್ನುವುದು ಇದಕ್ಕೇ.

ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ನಾಲ್ಕು ದಿನ ಬಿಟ್ಟು ಊಟದ ಕೋಣೆಯಲ್ಲಿ ಯಾರೋ ಅವಳ ಡಬ್ಬಿಯ ಕೆಳಗೆ ನಾಲ್ಕು ಹಾಳೆಯ ಜೆರಾಕ್ಸ್ ಇಟ್ಟು ಹೋದರು. ಕೈಯಿಂದ ಕೈಗೆ ದಾಟುತ್ತಿದ್ದ ಲೇಖನ ಅದು. ಅವಳು ಅದನ್ನು ಶೌಚಾಲಯದ ಚಿಲಕ ಹಾಕಿಕೊಂಡು ಓದಿದಳು. ಕರಡಿ ಅಂದರೆ ಯಾರು, ಚಿಲುಮೆ ಅಂದರೆ ಯಾವುದು, ಸಾಲು ಅಂದರೆ ಏನು, ಅಳಿಲು ಮರಿ ಅಂದರೆ ನಾವೆಲ್ಲ ಹೇಗೆ, ಎಂದು ಬಿಡಿಸಿ ಬಿಡಿಸಿ ಬರೆದಿತ್ತು. ಇದು ಮಕ್ಕಳ ಕಥೆಯಲ್ಲ, ನಲವತ್ತು ವರ್ಷ ಮುಂಚೆಯೇ ಬರೆದಿಟ್ಟ ನಮ್ಮ ಮೂರು ವರ್ಷದ ಚರಿತ್ರೆ, ಎಂದಿತ್ತು. ಓದುತ್ತಾ ಓದುತ್ತಾ ಹೌದಲ್ಲ, ಹೌದಲ್ಲ ಅನ್ನಿಸಿತು. ಕೊನೆಯ ಪ್ಯಾರಾ ಹೀಗಿತ್ತು: "ಈ ವರ್ಷದ ಪುಸ್ತಕದಲ್ಲಿ ಬೆತ್ತವನ್ನು ಎಡಗೈಗೆ ದಾಟಿಸಿದ ಆ ಅಜ್ಞಾತ ವೀರನಿಗೆ ನಮಸ್ಕಾರ. ಆ ಮುದ್ರಣಾಲಯದಲ್ಲಿ ಭಯವೆಂದರೇನೆಂದು ಅರಿಯದ ಒಬ್ಬರಿದ್ದಾರೆ."

ಭಯವೆಂದರೇನೆಂದು ಅರಿಯದ ಆ ವೀರ ಹಾಳೆಗಳನ್ನು ಚೂರುಚೂರು ಮಾಡಿ, ಮೂರು ಸಲ ನೀರು ಬಿಟ್ಟು, ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಲೇಖನ ಬರೆದ ಪುಣ್ಯಾತ್ಮ ತನ್ನ ಹೆಸರು ಹಾಕಿರಲಿಲ್ಲ. ಬೇರೆಯವರ ಧೈರ್ಯದ ಬಗ್ಗೆ ಬರೆಯುವವರಿಗೆ ಅಷ್ಟರ ಮಟ್ಟಿಗಿನ ಎಚ್ಚರ ಯಾವಾಗಲೂ ಇರುತ್ತದೆ. ನನಗೆ ಆ ಮನುಷ್ಯನ ಮೇಲೆ ಇವತ್ತಿಗೂ ಸಿಟ್ಟಿದೆ. ಓದಿದ್ದು ಸರಿಯಾಗಿಯೇ ಓದಿದ್ದ, ಅದರ ಬಗ್ಗೆ ತಕರಾರಿಲ್ಲ. ಆ ಕೊನೆಯ ಪ್ಯಾರಾ ಬರೆಯದೆ ಇದ್ದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ವಿಚಾರಣೆಗೆ ಗುರುವಾರ ತನಿಖಾ ಕಚೇರಿಯಿಂದ ಅಧಿಕಾರಿ ಬರುತ್ತಾರೆಂದು ನೋಟೀಸು ಬಿತ್ತು. ಪೇಸ್ಟಿಂಗ್ ವಿಭಾಗಕ್ಕೆ ಮೇಲಿನವರು ಮಸೂರ ಸಾರ್. ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ ಇಟ್ಟುಕೊಂಡು ಅದರಲ್ಲಿ ಎಂದೂ ಏನನ್ನೂ ನೋಡದವರಾದ್ದರಿಂದ ಆ ಹೆಸರು. ಹಾಳೆ ಮುಂದೆ ಹಿಡಿದರೆ ನೋಡದೆ ಸಹಿ ಹಾಕುತ್ತಿದ್ದರು, ಯಾರು ಯಾವ ಹಾಳೆ ಅಂಟಿಸಿದರು ಎಂಬ ರಿಜಿಸ್ಟರನ್ನು ಒಂದು ದಿನವೂ ತುಂಬಿದವರಲ್ಲ. ಅದೆಲ್ಲದರ ಬದಲಿಗೆ ಕೂಗಾಡುತ್ತಿದ್ದರು. ಕೂಗಿದರೆ ಎರಡು ಕೋಣೆ ಆಚೆ ಮೆಷಿನ್ ಸದ್ದಿನಲ್ಲೂ ಕೇಳುತ್ತಿತ್ತು. "ಏನಮ್ಮಾ ಟೇಪು, ಈ ಹಾಳೆ ಇವತ್ತೇ ಮುಗಿಯುತ್ತೋ, ನಿನ್ನ ಮೊಮ್ಮಗಳ ಮದುವೆಗೆ ಮುಗಿಸ್ತೀಯೋ?" ಎನ್ನುತ್ತಿದ್ದರು. ಆದರೆ ಅವಳ ಮಗಳ ಹೆರಿಗೆಯಲ್ಲಿ ಹತ್ತು ದಿನ ರಜೆಯನ್ನೇ ಬರೆಯದೆ ಹಾಜರಿ ಹಾಕಿಸಿದವರೂ ಅವರೇ. ಆ ಹತ್ತು ದಿನವೂ ಅವಳ ಖಾಲಿ ಕುರ್ಚಿಗೆ ಕೂಗಾಡಿದ್ದರಂತೆ, ಮ್ಯಾನೇಜರಿಗೆ ಅನುಮಾನ ಬಾರದಿರಲಿ ಎಂದು.

ಬುಧವಾರ ಮಧ್ಯಾಹ್ನ ಮಸೂರ ಸಾರ್ ಹಾಳೆಗಳ ಬೀರುವಿನ ಹತ್ತಿರ ಒಬ್ಬರೇ ಸ್ವಲ್ಪ ಹೊತ್ತು ಇದ್ದು, ಸಿಳ್ಳೆ ಹಾಕುತ್ತಾ ಹೊರಗೆ ಬಂದರು. ಅವರು ಸಿಳ್ಳೆ ಹಾಕಿದ್ದನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಸಾರ್‌ಗೆ ಗೊತ್ತಾಗಿದೆ, ಹಿಡಿದುಕೊಡಲು ಆಳು ಸಿಕ್ಕಿದ ಖುಷಿಗೆ ಸಿಳ್ಳೆ ಬರುತ್ತಿದೆ, ಎಂದು ಟೇಪಕ್ಕ ಲೆಕ್ಕ ಹಾಕಿದಳು. ಹೆದರಿದವರ ಲೆಕ್ಕ ಯಾವಾಗಲೂ ತಮ್ಮ ಕೊರಳಿಗೇ ಬಂದು ನಿಲ್ಲುತ್ತದೆ.

ಗುರುವಾರ ಊಟದ ಗಂಟೆ ಹೊಡೆದು ಎಲ್ಲರೂ ಹೋದರು. ಅವಳು ತಲೆನೋವೆಂದು ಉಳಿದಳು. ಬೀರುವಿನ ಮೂರನೆಯ ಖಾನೆ ಎಳೆದು, ಹಾಳೆಯನ್ನು ಮೇಜಿನ ಮೇಲೆ ಹಾಸಿ, ಬೆಳಕು ಹಾಕಿದಳು. ಕರಡಿ ಎಡಗೈಯಲ್ಲಿ ಬೆತ್ತ ಹಿಡಿದು ಅವಳನ್ನೇ ನೋಡುತ್ತಿತ್ತು. ಬ್ಲೇಡಿನ ತುದಿಯಿಂದ ಹಳೆಯ ಟೇಪು ಎಬ್ಬಿಸಿದಳು. ಧೂಳು ಕುಡಿದು ಹಳದಿಯಾಗಿದ್ದ ಟೇಪು ಪರಪರ ಸದ್ದು ಮಾಡಿತು, ಆ ಸದ್ದಿಗೆ ಅವಳು ಬಾಗಿಲ ಕಡೆ ನೋಡಿದಳು. ಫಿಲ್ಮನ್ನು ತುಟಿಗೆ ತಾಗಿಸಿದಳು, ಈಗ ಸರಿಯಾಗಿ ಅಂಟಿತು. ಮಗುಚಿ ಹಾಕಿ, ಮೊಣಕೈಯಿಂದ ನಾಲ್ಕು ತುಂಡು ಕಿತ್ತು ನಾಲ್ಕು ಮೂಲೆಗೆ ಅಂಟಿಸಿ, ಹಾಳೆಯನ್ನು ಖಾನೆಗೆ ಸೇರಿಸಿದಳು. ಹಳೆಯ ಟೇಪನ್ನು ಉಂಡೆ ಮಾಡಿ ಊಟದ ಡಬ್ಬಿಗೆ ಹಾಕಿಕೊಂಡಳು. ಈಗ ಬೆತ್ತ ಬಲಗೈಯಲ್ಲಿ, ತಾನು ತಪ್ಪೇ ಮಾಡಿಲ್ಲ ಎಂದು ಉಸಿರು ಬಿಟ್ಟಳು.

ಮೂರು ಗಂಟೆಗೆ ಅಧಿಕಾರಿ ಬಂದ. ಮೂವತ್ತೈದರ ಒಳಗಿನವನು, ಮೂಗು ಕಟ್ಟಿತ್ತು, ಕೈಯಲ್ಲಿ ಕರವಸ್ತ್ರ. ಎಲ್ಲರನ್ನೂ ಗೋಡೆಗೆ ಒರಗಿಸಿ ನಿಲ್ಲಿಸಿದರು. ಮಸೂರ ಸಾರ್ ಮುಂದೆ ಬಂದು, ಅವರ ಮಟ್ಟಿಗೆ ಮೆಲುದನಿಯಲ್ಲೇ ಹೇಳಿದರು. "ಸ್ವಾಮಿ, ಇದರಲ್ಲಿ ರಾಜಕೀಯ ಗೀಜಕೀಯ ಏನೂ ಇಲ್ಲ. ಕೈತಪ್ಪು. ನಾನು ನಿನ್ನೆ ಈ ಮಸೂರ ಹಾಕಿ ನೋಡಿದೀನಿ. ಫಿಲ್ಮು ಮಗುಚಿ ಕೂತಿದೆ, ಅಷ್ಟೇ. ಟೇಪೂ ಹಳೇದೇ, ಯಾರೂ ಕೈ ಹಾಕಿಲ್ಲ. ನೀವೇ ಕಣ್ಣಾರೆ ನೋಡಿ." ಖಾನೆ ಎಳೆದು ಹಾಳೆಯನ್ನು ಬೆಳಕಿನ ಮೇಲೆ ಹಾಸಿದರು.

ಗೋಡೆಗೆ ಒರಗಿ ನಿಂತಿದ್ದ ಟೇಪಕ್ಕನಿಗೆ ಆ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಸಿಳ್ಳೆ ಯಾಕೆ ಬಂತು ಎಂಬುದೂ ಅರ್ಥವಾಯಿತು. ಅದು ಕೈತಪ್ಪು ಎನ್ನುವುದಕ್ಕೆ ಇಡೀ ಜಗತ್ತಿನಲ್ಲಿ ಇದ್ದದ್ದು ಆ ಮಗುಚಿದ ಫಿಲ್ಮು, ಆ ಧೂಳು ಹಿಡಿದ ಟೇಪು. ಎರಡನ್ನೂ ಅವಳೇ ಕಿತ್ತು ಹಾಕಿದ್ದಳು.

ಮಸೂರ ಸಾರ್ ಹಾಳೆಯ ಮೇಲೆ ಬಗ್ಗಿದರು. ಭೂತಗನ್ನಡಿ ತೆಗೆದು ಕರಡಿಯನ್ನು ನೋಡಿದರು, ಆಮೇಲೆ ನಾಲ್ಕು ಮೂಲೆಯ ಹೊಳೆಯುವ ಹೊಸ ಟೇಪನ್ನು ನೋಡಿದರು. ಓರೆಯಾಗಿ ಕತ್ತರಿಸಿದ ಟೇಪು ಆ ವಿಭಾಗದಲ್ಲಿ ಒಬ್ಬಳದೇ. ಅವರು ತುಂಬ ಹೊತ್ತು ಬಗ್ಗಿಯೇ ಇದ್ದರು. ಎದ್ದು ನಿಂತಾಗ ಎಲ್ಲರ ಮುಖದ ಮೇಲೂ ಕಣ್ಣು ಹಾಯಿಸಿದರು, ಟೇಪಕ್ಕನ ಮುಖವೊಂದನ್ನು ಬಿಟ್ಟು.

"ಹಾಳೆಯಲ್ಲಿ ಬಲಗೈ, ಪುಸ್ತಕದಲ್ಲಿ ಎಡಗೈ" ಎಂದ ಅಧಿಕಾರಿ. "ಪ್ಲೇಟು ಎಲ್ಲಿ?"

"ಗುಜರಿಗೆ ಹೋಗಿದೆ ಸ್ವಾಮಿ."

"ಅಂದ್ರೆ ನಡುವೆ ಯಾರೋ ಬೇಕೂಂತ್ಲೇ ಮಾಡಿ, ಆಮೇಲೆ ಮುಚ್ಚಿಹಾಕಿದಾರೆ. ಹಾಳೆ ಅಂಟಿಸಿದ್ದು ಯಾರು?"

"ರಿಜಿಸ್ಟರ್ ಬರೆದಿಲ್ಲ ಸ್ವಾಮಿ" ಎಂದರು ಮಸೂರ ಸಾರ್. "ಸಹಿ ನಂದು."

ಟೇಪಕ್ಕ ಬಾಯಿ ತೆರೆದಳು. ಮಾತು ಬರಲಿಲ್ಲ. ಮಾತು ಬರಲಿಲ್ಲ ಎಂದು ಅವಳು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ನಿಜವೇನೆಂದರೆ ಬಂದಿತ್ತು, ಅವಳೇ ನುಂಗಿದಳು. ನಾಳೆ ಬೆಳಿಗ್ಗೆ ಎರಡು ಜೊತೆ ಬಟ್ಟೆ ತೆಗೆದುಕೊಂಡು ತನ್ನ ಕಚೇರಿಗೆ ಬರಬೇಕೆಂದು ಸಾರ್‌ಗೆ ಹೇಳಿ ಅಧಿಕಾರಿ ಹೋದ. ಮಸೂರ ಸಾರ್ ಹೋದರು, ವಾಪಸು ಬರಲಿಲ್ಲ.

ಹನ್ನೆರಡು ದಿನ ಕಳೆಯಿತು. ವಿಭಾಗದಲ್ಲಿ ಯಾರೂ ಕೂಗುವವರಿಲ್ಲದೆ ಮೆಷಿನ್ ಸದ್ದು ನೇರವಾಗಿ ಕಿವಿಗೆ ಬರುತ್ತಿತ್ತು. ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಟೇಪಕ್ಕನ ಉಗುರು ಅಂಗೈಗೆ ನಾಟುತ್ತಿತ್ತು. ಸದ್ದು ಮುಂದೆ ಹೋದರೆ ಸದ್ಯ ನಾನಲ್ಲ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮುಖಕ್ಕೆ ತಾನೇ ಉಗಿಯಬೇಕೆನ್ನಿಸುತ್ತಿತ್ತು. ಒಂಬತ್ತನೆಯ ದಿನ ಗಂಡನಿಗೆ ಹೇಳಿದಳು. ಅವನು ಎದ್ದು ಕಿಟಕಿ ಹಾಕಿ ಬಂದ. "ಸುಮ್ಮನಿರು. ಬಾಯಿ ಬಿಟ್ಟರೆ ಬಣ್ಣಗೇಡು. ಅವರಿಗೇನೂ ಆಗಲ್ಲ, ದೊಡ್ಡ ಗಂಟಲಿನವರು, ಹೇಗೋ ಬಚಾವಾಗ್ತಾರೆ."

ಅದೇ ಗಂಡ ಹನ್ನೆರಡನೆಯ ದಿನ ಕೆಲಸದಿಂದ ಬಂದು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ಕೂತ. "ಇವತ್ತು ಲಿಫ್ಟಲ್ಲಿ ಒಬ್ಬರನ್ನ ಸ್ಟ್ರೆಚರ್ ಮೇಲೆ ತಂದ್ರು. ಆ ಕಚೇರಿಯಿಂದ."

ಟೇಪಕ್ಕ ಹೊಸ್ತಿಲ ಹತ್ತಿರ ಬಂದಳು.

"ಅವರಲ್ಲ. ಮುಖ ನೋಡಿದೆ, ಅವರಲ್ಲ. ಆದ್ರೆ ಅವರದೇ ವಯಸ್ಸು." ಚಪ್ಪಲಿ ಕಳಚುತ್ತಾ, "ಹೊದಿಕೆ ಸಾಲ್ದೆ ಪಾದ ಎರಡೂ ಈಚೆಗಿತ್ತು ಕಣೇ. ಪಾದ ನೋಡಬಾರದಿತ್ತು ನಾನು" ಎಂದ. ಆ ಮನೆಯಲ್ಲಿ ಅವತ್ತು ಒಲೆ ಹೊತ್ತಲಿಲ್ಲ. ಬೆಳಿಗ್ಗೆ ಅವಳು ಸೀರೆ ಉಟ್ಟು ಹೊರಟಾಗ ಎಲ್ಲಿಗೆಂದು ಅವನು ಕೇಳಲಿಲ್ಲ. ಬಸ್ ಸ್ಟಾಪಿನ ತನಕ ಜೊತೆಗೆ ಬಂದು, ಬಸ್ಸು ಹೊರಡುವ ತನಕ ನಿಂತಿದ್ದ.

ಕಚೇರಿಯ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ಮೂಲೆಯಲ್ಲಿ ಟೈಪು ಮಾಡುವ ಒಬ್ಬ ಹೆಂಗಸು. ಅಧಿಕಾರಿಯ ನೆಗಡಿ ಇನ್ನೂ ಹೋಗಿರಲಿಲ್ಲ. ಅವನ ತಲೆಯ ಹಿಂದೆ ದಳಪತಿಗಳ ಪಟ. ಟೇಪಕ್ಕ ಕುರ್ಚಿಯ ಬೆನ್ನು ಹಿಡಿದು ನಿಂತೇ ಹೇಳಿದಳು. ಫಿಲ್ಮಿನ ಎರಡು ಮೈ ಹೇಳಿದಳು, ಮುಲಾಮು ಹೇಳಿದಳು, ಊಟದ ಹೊತ್ತು ಕದ್ದು ಮಗುಚಿದ್ದು ಹೇಳಿದಳು. "ತುಟಿಗೆ ಗುಳ್ಳೆ ಆಗಿತ್ತು ಸ್ವಾಮಿ" ಎಂದಾಗ ಟೈಪಿನ ಸದ್ದು ನಿಂತಿತು. ಅಧಿಕಾರಿ ತಲೆಯಾಡಿಸಿದ ಮೇಲೆ ಮತ್ತೆ ಶುರುವಾಯಿತು.

"ಮಗುಚಿ ಅಂಟಿಸಿದ್ದು ಕೈತಪ್ಪು, ಒಪ್ಪಿದೆ" ಎಂದ ಅವನು. "ಕದ್ದು ಸರಿ ಮಾಡಿದ್ದು ಯಾಕೆ?"

"ಹೆದರಿಕೆ ಆಯ್ತು."

"ಯಾಕೆ ಹೆದರಿಕೆ? ಅದು ಕರಡಿ ತಾನೆ?"

"ಹೌದು ಸ್ವಾಮಿ."

"ಕರಡಿ ಯಾವ ಕೈಲಿ ಬೆತ್ತ ಹಿಡಿದ್ರೆ ನಿಮಗೇನಮ್ಮಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೊಂಡ್ರಿ?" ಅವನು ಮುಂದಕ್ಕೆ ಬಾಗಿದ. "ಆ ಕರಡಿ ನಿಮ್ಮ ಕಣ್ಣಿಗೆ ಯಾರ ಹಾಗೆ ಕಾಣ್ತು? ಅದನ್ನ ಹೇಳಿ."

ಟೇಪಕ್ಕನ ಕಣ್ಣು ಪಟಕ್ಕೆ ಹೋಯಿತು, ಬೆಚ್ಚಿ ಕೆಳಗಿಳಿಯಿತು. ಈ ಮನುಷ್ಯನಿಗೆ ಯಾವ ಉತ್ತರ ಬೇಕೋ ಅದನ್ನು ಕೊಟ್ಟುಬಿಟ್ಟರೆ ಮಸೂರ ಸಾರ್ ಮನೆಗೆ ಹೋಗುತ್ತಾರೆ ಎನ್ನುವುದೊಂದೇ ಅವಳ ತಲೆಯಲ್ಲಿತ್ತು. "ಯಾರ ಹಾಗೆ ಅಂತ ನೀವೇ ಹೇಳಿ ಸ್ವಾಮಿ" ಎಂದಳು. "ನೀವು ಯಾರ ಹೆಸರು ಹೇಳ್ತೀರೋ ಅದನ್ನೇ ಬರೆದು ಸಹಿ ಹಾಕ್ತೀನಿ."

ಇದು ಜಾಣತನದ ಮಾತೆಂದು ಆಮೇಲೆ ಹಲವರು ಹೊಗಳಿದರು. ಜಾಣತನ ಮಣ್ಣಂಗಟ್ಟಿ. ಹೆದರಿದವಳು ಇದ್ದುದರಲ್ಲಿ ವಿಧೇಯತೆಯ ಮಾತಾಡಿದಳು, ಅಷ್ಟೇ. ಆದರೆ ಟೈಪು ಮಾಡುವ ಹೆಂಗಸು ಬೆರಳುಗಳನ್ನು ಅಕ್ಷರಗಳ ಮೇಲೆ ಎತ್ತಿ ಹಿಡಿದು, ಸಾಹೇಬರು ಯಾವ ಹೆಸರು ಹೇಳುತ್ತಾರೋ ಎಂದು ಕಾಯುತ್ತಿದ್ದಳು. ಅಧಿಕಾರಿ ಪಟದ ಕಡೆಗೆ ತಿರುಗಲಿಲ್ಲ, ತಿರುಗದಿರಲು ಕುತ್ತಿಗೆ ಬಿಗಿ ಹಿಡಿದಿದ್ದ. ಇವನಿಗೂ ಭಯ ಎಂದು ಟೇಪಕ್ಕನಿಗೆ ಗೊತ್ತಾಯಿತು. ಗೊತ್ತಾಗಿ ಅವಳ ಭಯ ಇನ್ನಷ್ಟು ಹೆಚ್ಚಾಯಿತು.

"ಯಾರ ಹಾಗೂ ಇಲ್ಲ" ಎಂದ ಕೊನೆಗೆ, ಮೂಗು ಒರೆಸಿಕೊಂಡು. "ಬರೀಮ್ಮಾ. ಚಿತ್ರ ಯಾರನ್ನೂ ಹೋಲುವುದಿಲ್ಲ."

"ಹಾಗಾದ್ರೆ ನಮ್ಮ ಸಾಹೇಬರನ್ನ ಬಿಡ್ತೀರಾ ಸ್ವಾಮಿ?"

"ಯಾರನ್ನ?" ಅವನು ಕಡತ ಮುಚ್ಚಿದ. "ಯಾರನ್ನೂ ಹೋಲಲ್ಲ ಅಂದ್ಮೇಲೆ ತಪ್ಪೇ ನಡೆದಿಲ್ಲ. ತಪ್ಪೇ ಇಲ್ಲ ಅಂದ್ಮೇಲೆ ನಾವು ಯಾರನ್ನೂ ಕರೆಸಿಲ್ಲ. ಕರೆಸದೇ ಇರೋರನ್ನ ಬಿಡೋದು ಹೇಗೆ? ಹೋಗಿ, ಹೋಗಿ."

ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು. ಬೀದಿಗೆ ಬಂದ ಟೇಪಕ್ಕ ಯಾವ ಬಸ್ಸು ಹತ್ತಿದಳೋ, ಎಲ್ಲಿ ಇಳಿದಳೋ. ಮಸೂರ ಸಾರ್ ಮನೆಯ ಬಾಗಿಲು ತಟ್ಟಿದಾಗ ಒಳಗೆ ಓಡುತ್ತಿದ್ದ ಹೊಲಿಗೆ ಯಂತ್ರ ನಿಂತಿತು. ಅವರ ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುವವರು. ತೆಳ್ಳನೆಯ ಹೆಂಗಸು, ಹೆಗಲ ಮೇಲೆ ಅಳತೆಯ ಟೇಪು ಇತ್ತು.

"ಅಕ್ಕಾ, ಅದನ್ನ ಮಾಡಿದ್ದು ನಾನು" ಎಂದಳು ಟೇಪಕ್ಕ, ಬಾಗಿಲಲ್ಲೇ.

"ಗೊತ್ತು."

ಆಕೆ ಬಾಗಿಲು ಪೂರ್ತಿ ತೆರೆದರು.

"ಹೋಗೋ ಹಿಂದಿನ ದಿನಾನೇ ಅವರು ಹೇಳಿದ್ರು. ಯಾರ ಹತ್ರಾನೂ ಹೇಳ್ಬೇಡ, ಅವಳು ಹೆದರಿ ಸತ್ತೇ ಹೋಗ್ತಾಳೆ, ನಾನಾದ್ರೆ ಎರಡು ಕೂಗು ಹಾಕಿ ಬಂದ್ಬಿಡ್ತೀನಿ ಅಂದ್ರು." ಆಕೆಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಹನ್ನೆರಡು ದಿನ ಈ ಬಾಗಿಲು ನೋಡ್ತಾ ಹೊಲಿಗೆ ಹಾಕಿದೀನಿ. ಇವತ್ತು ಬರ್ತೀಯ, ನಾಳೆ ಬರ್ತೀಯ ಅಂತ. ಏನಂದ್ರು ಅಲ್ಲಿ?"

"ಅವರು ಅಲ್ಲಿಲ್ಲ ಅಂತಾರಕ್ಕ. ಕರೆಸೇ ಇಲ್ಲ ಅಂತಾರೆ."

ಆಕೆ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ಒಂದು ಗಳಿಗೆ ನಿಂತರು. ಆಮೇಲೆ ಹೆಗಲ ಮೇಲಿನ ಟೇಪು ತೆಗೆದಿಟ್ಟು ಚಪ್ಪಲಿ ಮೆಟ್ಟಿದರು. "ಇಲ್ಲ ಅಂತ ಬರ್ಕೊಡ್ಲಿ. ಕೊಡೋ ತನಕ ನಾನು ಅಲ್ಲೇ ಕೂರ್ತೀನಿ. ನೀನು ಬರ್ತೀಯೋ, ಮನೆಗೆ ಹೋಗ್ತೀಯೋ?"

ಟೇಪಕ್ಕನಿಗೆ ಮನೆಗೆ ಹೋಗಬೇಕೆನ್ನಿಸಿತು. ಆದರೂ ಆಕೆಯ ಹಿಂದೆ ನಡೆದಳು.

ಕಚೇರಿಯ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಇಬ್ಬರೂ ಐದು ದಿನ ಕೂತರು. ಬೆಳಿಗ್ಗೆ ಒಂಬತ್ತಕ್ಕೆ ಬರುವುದು, ಸಂಜೆ ಬಾಗಿಲು ಹಾಕಿದಾಗ ಏಳುವುದು. ಹೋಗುವವರು ಬರುವವರು ಅವರ ನೆರಳು ತುಳಿಯದಂತೆ ದೂರ ಸರಿದು ನಡೆಯುತ್ತಿದ್ದರು. ಕಾವಲಿನವನು ದಿನಕ್ಕೆರಡು ಸಲ ಬಂದು ಎದ್ದು ಹೋಗಿ ಎನ್ನುತ್ತಿದ್ದ. "ಬರ್ಕೊಡಿ, ಹೋಗ್ತೀವಿ" ಎಂದು ಸಾರ್ ಹೆಂಡತಿ ಅನ್ನುತ್ತಿದ್ದರು. ಇಲ್ಲವೆಂದು ಬರೆಯಲು ಯಾರು ಇಲ್ಲ ಎಂದು ಹೆಸರು ಬರೆಯಬೇಕು. ಹೆಸರು ಬರೆದರೆ ಯಾಕೆ ಕೇಳಿದರು ಎಂದು ಬರೆಯಬೇಕು. ಅಲ್ಲಿಂದ ಕರಡಿಗೆ ದಾರಿ ತುಂಬ ದೂರವಿರಲಿಲ್ಲ. ಟೇಪಕ್ಕ ಐದೂ ದಿನ ಆಕೆಯ ಸೆರಗಿನ ತುದಿ ಹಿಡಿದು ಕೂತಿದ್ದಳು. ಅವಳಿಗೆ ಅಲ್ಲಿ ಧೈರ್ಯ ಬಂತು ಎಂದು ನಾನು ಬರೆದರೆ ಸುಳ್ಳಾಗುತ್ತದೆ.

ಆರನೆಯ ದಿನ ಬೆಳಿಗ್ಗೆ ಮಸೂರ ಸಾರ್ ಪಕ್ಕದ ಸಣ್ಣ ಬಾಗಿಲಿನಿಂದ ಹೊರಗೆ ಬಂದರು. ಇವರು ಕೂತದ್ದಕ್ಕೆ ಬಿಟ್ಟರೋ, ಕರಡಿಯ ಮಾತು ದಳಪತಿಗಳ ಕಿವಿಗೆ ಬೀಳುವ ಮೊದಲೇ ಕಡತ ಮುಗಿಸುವುದು ಒಳ್ಳೆಯದೆಂದು ಬಿಟ್ಟರೋ, ಯಾರೂ ಹೇಳಲಿಲ್ಲ. ಮೈಮೇಲೆ ಗಾಯ ಕಾಣುತ್ತಿರಲಿಲ್ಲ. ಹೆಂಡತಿ ಹೋಗಿ ತೋಳು ಹಿಡಿದರು. ಅವರು ಸುಮ್ಮನೆ ನಡೆದರು.

ಸೋಮವಾರ ಕೆಲಸಕ್ಕೆ ಬಂದರು. ಟೇಪಕ್ಕ ಅವತ್ತು ಮೊದಲ ಹಾಳೆ ಮುಗಿಸಿ, ಇಷ್ಟು ದಿನ ಉಸಿರಲ್ಲೇ ಕಟ್ಟಿಕೊಂಡಿದ್ದ ಮಾತುಗಳನ್ನೆಲ್ಲ ಹೊತ್ತು ಅವರ ಮೇಜಿನ ಮುಂದೆ ನಿಂತಳು. ಅವರು ಹಾಳೆ ಹಾಸಿ ಭೂತಗನ್ನಡಿ ತೆಗೆದರು. ಹದಿನಾರು ಪುಟ, ಒಂದೊಂದು ಚಿತ್ರ, ಒಂದೊಂದು ಸಾಲು, ಒಂದೊಂದು ಚುಕ್ಕೆ. ಮುಕ್ಕಾಲು ಗಂಟೆ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು. ಪೆನ್ನು ತೆಗೆದರು, ಸಹಿ ಹಾಕಲಿಲ್ಲ.

"ನೀವು ನೋಡಿದ್ರಾ?" ಎಂದು ಕೇಳಿದರು. ಪಕ್ಕದ ಮೇಜಿಗೂ ಕೇಳಿಸದ ದನಿ. "ಎಲ್ಲಾ ಸರಿ ಇದೆ ಅಂತ ನಿಮಗೆ ಖಾತ್ರೀನಾ?"

ಇಪ್ಪತ್ತೊಂಬತ್ತು ವರ್ಷದಲ್ಲಿ ಅವರು ಅವಳನ್ನು ನೀವು ಎಂದದ್ದು ಅದೇ ಮೊದಲು. ಟೇಪಕ್ಕನ ಕಣ್ಣಿಂದ ನೀರು ಇಳಿಯಿತು. "ಬೈಯಿರಿ ಸಾರ್" ಎಂದಳು. "ಕೂಗಾಡಿ ಸಾರ್, ಒಂದೇ ಒಂದು ಸಲ. ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಬೈಯಿರಿ."

ಮಸೂರ ಸಾರ್ ಗಾಬರಿಯಿಂದ ಬಾಗಿಲ ಕಡೆ ನೋಡಿದರು. "ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಕ್ಷಮಿಸಿ" ಎಂದು ಮೆಲ್ಲಗೆ ಹೇಳಿ, ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಅವಳಿಗೆ ವಾಪಸು ಕೊಟ್ಟರು.